ಮ್ಯಾಚ್ ಟಿಕೆಟ್ ಮೊದಲಾ, ವೀಸಾ ಮೊದಲಾ, ವಿಮಾನ ಮೊದಲಾ?

ಬಳ್ಳಾರಿ ಕೌಲ್‌ಬಜಾರಿನ ಓದುಗರೊಬ್ಬರು ಕೇಳಿದ್ದಾರೆ: "ಅಣ್ಣಾ, ನಂದು ಚಿಕ್ಕ ಜೀನ್ಸ್ ಹೊಲಿಯೋ ಘಟಕ. ನಾನು, ನನ್ನ ತಮ್ಮ ಇಬ್ಬರಿಗೂ ಫುಟ್‌ಬಾಲ್ ಹುಚ್ಚು. ಅವನು ಅರ್ಜೆಂಟೀನಾ ಅಂತಾನೆ, ನಾನು ಭಾರತ ಅಂತೀನಿ. ಒಂದು ಸಲವಾದರೂ ಹೊರದೇಶಕ್ಕೆ ಹೋಗಿ, ತಂಡ ಹೋದಲ್ಲೆಲ್ಲ ಹೋಗಿ ಮ್ಯಾಚ್ ನೋಡಬೇಕು. ಮೊದಲು ಯಾವುದು ಮಾಡಿಸಬೇಕು? ಮ್ಯಾಚ್ ಟಿಕೆಟ್ಟಾ, ವೀಸಾನಾ, ವಿಮಾನನಾ?"

ತೋರಣಗಲ್ಲು, ಗಂಗಾವತಿ, ರಾಯಚೂರು ಕಡೆಯವರೂ ನನ್ನನ್ನು ಇದನ್ನೇ ಕೇಳುತ್ತಾರೆ. ನಮ್ಮ ಕಡೆ ಫುಟ್‌ಬಾಲ್ ಎಲ್ಲಿದೆ ಅಂತ ನಗುವವರಿದ್ದಾರೆ. ಅವರು ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕಡೆ ಒಮ್ಮೆ ಹೋಗಿ ಬರಲಿ. ಬೆಂಗಳೂರು ಎಫ್‌ಸಿ ತಂಡವೇ ಸೀಸನ್‌ಗೆ ಮುಂಚೆ ಇಲ್ಲಿ ಬಂದು ತಯಾರಿ ಮಾಡಿಕೊಂಡಿದೆ. ಹುಚ್ಚು ಹಿಡಿಯೋಕೆ ಅಷ್ಟು ಸಾಕಲ್ವಾ?

ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಯಾವುದು ಕೈಗೆ ಬರೋಕೆ ಜಾಸ್ತಿ ದಿನ ಹಿಡಿಯುತ್ತದೋ ಅದನ್ನು ಮೊದಲು ಶುರು ಮಾಡಿ. ಯಾವ ದುಡ್ಡು ಕಟ್ಟಿದರೆ ವಾಪಸ್ ಬರುವುದಿಲ್ಲವೋ ಅದನ್ನು ಕೊನೆಗೆ ಕಟ್ಟಿ. ನಮ್ಮಲ್ಲಿ ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ಆಫರ್ ಬಂತು ಅಂತ ಮೊದಲು ವಿಮಾನ ಬುಕ್ ಮಾಡುತ್ತಾರೆ. ಪಾಸ್‌ಪೋರ್ಟ್ ಎಲ್ಲಿಟ್ಟಿದ್ದೀನಿ ಅಂತ ಆಮೇಲೆ ಹುಡುಕುತ್ತಾರೆ.

ನನ್ನ ಗೆಳೆಯನಿಗೆ ಆದದ್ದು ಇದೇ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ಏಷ್ಯನ್ ಕಪ್ ನಡೆಯಿತು. ಹೆಸರು 2023ರ ಏಷ್ಯನ್ ಕಪ್ ಅಂತಲೇ ಇದ್ದರೂ ಆಡಿದ್ದು 2024ರಲ್ಲಿ. ಭಾರತ ಆಡುತ್ತಿತ್ತು. ನಾವಿಬ್ಬರೂ ನವೆಂಬರ್‌ನಲ್ಲೇ ದೋಹಾಕ್ಕೆ ವಿಮಾನ ಬುಕ್ ಮಾಡಿದೆವು. ಕ್ಯಾನ್ಸಲ್ ಮಾಡಿದರೆ ಒಂದು ರೂಪಾಯಿಯೂ ಬರದಂಥ ಅಗ್ಗದ ಟಿಕೆಟ್. ಡಿಸೆಂಬರ್ ಕೊನೆಯಲ್ಲಿ ಅವನು ಪಾಸ್‌ಪೋರ್ಟ್ ತೆಗೆದು ನೋಡಿದರೆ ಮೇ ತಿಂಗಳಿಗೆ ಅವಧಿ ಮುಗಿಯುತ್ತದೆ! ಆ ದೇಶಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಹೊಸದಕ್ಕೆ ಅರ್ಜಿ ಹಾಕಿದ. ಸಿರುಗುಪ್ಪದಿಂದ ಬಳ್ಳಾರಿಗೆ ಮನೆ ಬದಲಿಸಿದ್ದರಿಂದ ಪೊಲೀಸ್ ಪರಿಶೀಲನೆ ಮತ್ತೆ ಆಗಬೇಕಾಯಿತು. ಪಾಸ್‌ಪೋರ್ಟ್ ಕೈಗೆ ಬಂದಾಗ ನಾನು ದೋಹಾದಲ್ಲಿದ್ದೆ. ಅವನು ಬಳ್ಳಾರಿಯಲ್ಲಿ ಮೊಬೈಲ್ ಹಿಡಿದು, ನನ್ನ ವಿಡಿಯೊ ಕಾಲ್‌ನಲ್ಲಿ ಅರ್ಧ ಮ್ಯಾಚ್ ನೋಡಿದ.

ಅದಕ್ಕೇ ಇವತ್ತೇ ಬೀರು ತೆಗೆದು ಪಾಸ್‌ಪೋರ್ಟ್ ನೋಡಿ. ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2000. ಬೆಂಗಳೂರಿಗೇ ಹೋಗಬೇಕು ಅನ್ನುವ ಕಾಲ ಹೋಯಿತು. ಅಂಚೆ ಕಚೇರಿಗಳಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ. ಅರ್ಜಿ ತುಂಬುವಾಗ ಹತ್ತಿರದ್ದು ಆರಿಸಿಕೊಳ್ಳಬಹುದು.

ಪಾಸ್‌ಪೋರ್ಟ್‌ನಲ್ಲಿ ಎರಡು ಕಡೆ ಕಣ್ಣಿಡಿ. ಒಂದು, ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್‌ನಲ್ಲಿ ಇನಿಶಿಯಲ್ ಜೊತೆಗೆ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು ಇರುವುದು ಮಾಮೂಲಿ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಬರೀ 'ಬಸವರಾಜ' ಅಂತ. ಪ್ರವಾಸಿ ವೀಸಾದಲ್ಲಿ ಬರುವ ಇಂಥ ಒಂಟಿ ಹೆಸರಿನವರ ಬಗ್ಗೆ ಯುಎಇ 2022ರಿಂದ ಕಟ್ಟುನಿಟ್ಟಾಗಿದೆ. ದುಬೈ ಸುತ್ತಿಕೊಂಡು ಬರೋಣ ಅಂತ ಪ್ಲಾನ್ ಇದ್ದರೆ ಈ ಜಾಗ ಮೊದಲೇ ತುಂಬಿಸಿಕೊಳ್ಳಿ. ಇನ್ನೊಂದು, ಇಸಿಆರ್ ಮುದ್ರೆ, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇದು ಇರಬಹುದು. ಅದು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರ ವಿಷಯ. ಮ್ಯಾಚ್ ನೋಡೋಕೆ ಹೋಗುವವರಿಗೆ ತಡೆ ಇಲ್ಲ. ಆದರೂ ವಾಪಸ್ ಟಿಕೆಟ್, ಮ್ಯಾಚ್ ಟಿಕೆಟ್ ಕೈಯಲ್ಲೇ ಇರಲಿ, ಪ್ರಶ್ನೆ ಕೇಳಿದರೆ ತೋರಿಸೋಕೆ ಬೇಕು.

ಈಗ ಮ್ಯಾಚ್ ಟಿಕೆಟ್ಟಾ, ವೀಸಾನಾ ಅನ್ನುವುದಕ್ಕೆ ಬರೋಣ. ಇದು ಯಾವ ದೇಶ ಅನ್ನುವುದರ ಮೇಲೆ ಹೋಗುತ್ತದೆ.

ಇಳಿದ ಮೇಲೆ ವೀಸಾ ಕೊಡುವ ದೇಶವಾದರೆ ಮ್ಯಾಚ್ ಟಿಕೆಟ್ ಮೊದಲು. ನಾನು ಹೋದಾಗ ಕತಾರ್ ಹಾಗೇ ಇತ್ತು. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ತೋರಿಸಿದರೆ ಮುಗಿಯಿತು.

ಅಮೆರಿಕದ ಕಥೆಯೇ ಬೇರೆ. ಅಲ್ಲಿ ವೀಸಾ ಮೊದಲು, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸಂದರ್ಶನಕ್ಕೆ ದಿನಾಂಕ ಸಿಗೋಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಸಿಕ್ಕರೆ ಸಾಮಾನ್ಯವಾಗಿ 10 ವರ್ಷದ್ದು ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹೋಗಬಹುದು. ಅಂದರೆ ಅದು ಒಂದು ಮ್ಯಾಚಿಗೆ ಅಂಟಿಕೊಂಡ ವೀಸಾ ಅಲ್ಲ. ಈ ಸಲ ತಂಡ ಸೋತರೂ ವೀಸಾ ನಿಮ್ಮ ಹತ್ತಿರವೇ ಇರುತ್ತದೆ. ಅರ್ಜಿಗೆ 185 ಡಾಲರ್. ತಿರಸ್ಕಾರವಾದರೆ ಅದು ವಾಪಸ್ ಬರಲ್ಲ. 2026ರ ವಿಶ್ವಕಪ್‌ಗೆ ಫಿಫಾದಿಂದ ಟಿಕೆಟ್ ಕೊಂಡವರಿಗೆ ಸಂದರ್ಶನದ ದಿನಾಂಕ ಬೇಗ ಕೊಡುವ ವ್ಯವಸ್ಥೆ ಮಾಡಿದ್ದರು. ಬೇಗ ಕರೆಯುತ್ತಾರೆ ಅಷ್ಟೆ. ಟಿಕೆಟ್ ಇದೆ ಅಂತ ವೀಸಾ ಕೊಡಲೇಬೇಕು ಅಂತೇನಿಲ್ಲ. ಸಂದರ್ಶನಕ್ಕೆ ನಮ್ಮವರು ಚೆನ್ನೈ, ಮುಂಬೈ ಅಂತ ಓಡುತ್ತಾರೆ. ಹೈದರಾಬಾದ್‌ನಲ್ಲೂ ಸಂದರ್ಶನ ಆಗುತ್ತದೆ. ರಾಯಚೂರಿನವರಿಗೆ ಅದು ಪಕ್ಕದ ಮನೆ ಇದ್ದ ಹಾಗೆ, ಬಳ್ಳಾರಿಯವರಿಗೂ ದೂರವಲ್ಲ.

ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಆಗಿ ನಡೆಯುವ ಷೆಂಗೆನ್ ವೀಸಾ ಇವೆರಡರ ನಡುವೆ ಬರುತ್ತದೆ. ಪ್ರಯಾಣದ ದಿನಾಂಕ ಹೇಳದೆ ಅದು ಆಗಲ್ಲ. ಹಾಗಾಗಿ ಮ್ಯಾಚ್ ಟಿಕೆಟ್ ಮೊದಲು, ಆಮೇಲೆ ಕ್ಯಾನ್ಸಲ್ ಮಾಡಬಹುದಾದ ಹೋಟೆಲ್, ಆಮೇಲೆ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

ನೀವು ಸ್ವಂತ ಉದ್ಯೋಗದವರು. ಸಂಬಳದ ಚೀಟಿ ಇಲ್ಲ, ರಜೆ ಪತ್ರ ಇಲ್ಲ. ಹಾಗಂತ ಹೆದರಬೇಡಿ. ವೀಸಾ ಕೊಡುವವರ ತಲೆಯಲ್ಲಿ ಇರುವುದು ಒಂದೇ ಪ್ರಶ್ನೆ, ಈ ಮನುಷ್ಯ ವಾಪಸ್ ಬಳ್ಳಾರಿಗೆ ಬರುತ್ತಾನಾ? ಘಟಕದ ಜಿಎಸ್‌ಟಿ ನೋಂದಣಿ, ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹೊಲ ಇದ್ದರೆ ಪಹಣಿ, ಇವೇ ಅದಕ್ಕೆ ಉತ್ತರ. ನಮ್ಮವರು ಮಾಡುವ ದೊಡ್ಡ ತಪ್ಪು ಅಂದರೆ ಅರ್ಜಿಗೆ ಒಂದು ವಾರ ಮುಂಚೆ ಮಾವನ ಹತ್ತಿರ ನಾಲ್ಕು ಲಕ್ಷ ತಂದು ಖಾತೆಗೆ ಹಾಕುವುದು. ವರ್ಷಪೂರ್ತಿ ಇಪ್ಪತ್ತು ಸಾವಿರ ದಾಟದ ಖಾತೆಯಲ್ಲಿ ದಿಢೀರಂತ ಲಕ್ಷಗಳು ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ನಗದಿನಲ್ಲಿ ನಡೆಯುವ ವ್ಯವಹಾರವನ್ನು ಒಂದು ವರ್ಷ ಮೊದಲಿನಿಂದಲೇ ಖಾತೆಗೆ ಹಾಕುತ್ತಾ ಬನ್ನಿ.

ಇನ್ನು ಗಡಿಗಳ ವಿಷಯ. ಒಂದೇ ಟೂರ್ನಿಯನ್ನು ಎರಡು ಮೂರು ದೇಶ ಹಂಚಿಕೊಂಡಾಗ ಜನ ಗೊಂದಲಕ್ಕೆ ಬೀಳುವುದು ಇಲ್ಲೇ. 2026ರ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೊದ 16 ಊರುಗಳಲ್ಲಿ. ಹಾಗಾದರೆ ಮೂರು ವೀಸಾ ಬೇಕಾ? ಬೇಡ. ನಿಮ್ಮ ತಮ್ಮನ ಅರ್ಜೆಂಟೀನಾವನ್ನೇ ತಗೊಳ್ಳಿ. ಗುಂಪಿನ ಮೂರು ಮ್ಯಾಚುಗಳಲ್ಲಿ ಮೊದಲನೆಯದು ಕಾನ್ಸಾಸ್ ಸಿಟಿ, ಉಳಿದೆರಡು ಡಲ್ಲಾಸ್. ಎಲ್ಲವೂ ಅಮೆರಿಕ, ಒಂದು ವೀಸಾ ಸಾಕು. ಅವಧಿ ಇರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊ ಬೇರೆ ವೀಸಾ ಕೇಳುವುದೂ ಇಲ್ಲ. ಕೆನಡಾ ಮಾತ್ರ ತನ್ನದೇ ವೀಸಾ ಕೇಳುತ್ತದೆ. ಟೂರ್ನಿ ಎಷ್ಟು ದೇಶದಲ್ಲಿ ಅಂತ ಎಣಿಸುವುದಕ್ಕಿಂತ ನಿಮ್ಮ ತಂಡ ಎಲ್ಲೆಲ್ಲಿ ಆಡುತ್ತದೆ ಅಂತ ಬೆರಳು ಮಡಚಿ.

2030ರ ವಿಶ್ವಕಪ್‌ನಲ್ಲಿ ಇನ್ನೊಂದು ಗುಂಡಿ ಇದೆ. ಸ್ಪೇನ್, ಪೋರ್ಚುಗಲ್, ಮೊರಾಕೊ ಸೇರಿ ನಡೆಸುತ್ತವೆ. ಉರುಗ್ವೆ, ಅರ್ಜೆಂಟೀನಾ, ಪರಾಗ್ವೆಯಲ್ಲಿ ಒಂದೊಂದು ಮ್ಯಾಚ್. ಸ್ಪೇನ್, ಪೋರ್ಚುಗಲ್ ಎರಡೂ ಷೆಂಗೆನ್ ಒಳಗೆ, ಮೊರಾಕೊ ಹೊರಗೆ. ಒಂದೇ ಸಲ ಒಳಗೆ ಬಿಡುವ ಷೆಂಗೆನ್ ವೀಸಾ ಹಿಡಿದು ಸ್ಪೇನ್‌ನಲ್ಲಿ ಒಂದು ಮ್ಯಾಚ್ ನೋಡಿ ಮೊರಾಕೊಗೆ ದಾಟಿದಿರೋ, ಮುಂದಿನ ಮ್ಯಾಚಿಗೆ ವಾಪಸ್ ಸ್ಪೇನ್‌ಗೆ ಬಿಡುವುದಿಲ್ಲ. ವೀಸಾ ಮೇಲೆ ಇನ್ನೂ ದಿನಗಳು ಬಾಕಿ ಇರುತ್ತವೆ, ಆದರೆ ಎಂಟ್ರಿ ಮುಗಿದಿರುತ್ತದೆ. ಅರ್ಜಿಯಲ್ಲೇ ಹಲವು ಎಂಟ್ರಿ ಬೇಕು ಅಂತ ಕೇಳಿ, ಪ್ರಯಾಣದ ಪಟ್ಟಿಯಲ್ಲಿ ಕಾರಣ ಬರೆಯಿರಿ. ಕೈಗೆ ಬಂದ ವೀಸಾದಲ್ಲಿ ದಿನಾಂಕದ ಜೊತೆ ಎಂಟ್ರಿ ಎಷ್ಟು ಅಂತಲೂ ಓದಿ. ನಮ್ಮವರು ದಿನಾಂಕ ಓದಿ, ಫೋಟೊ ಸರಿ ಬಂದಿಲ್ಲ ಅಂತ ಬೇಜಾರು ಮಾಡಿಕೊಂಡು ಮಡಚಿಡುತ್ತಾರೆ.

ಎಷ್ಟು ದಿನಕ್ಕೆ ಹೋಗಬೇಕು? ನಾನಂತೂ ಗುಂಪು ಹಂತಕ್ಕೆ ಮಾತ್ರ ದುಡ್ಡು ಕಟ್ಟಿ ಅನ್ನುತ್ತೇನೆ. ಮುಂದಿನದು ಯಾವ ಊರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮತ್ತೆ ಅರ್ಜೆಂಟೀನಾವನ್ನೇ ನೋಡಿ. 2026ರ ಪಟ್ಟಿಯ ಪ್ರಕಾರ ಆ ಗುಂಪಿನ ಮೊದಲಿಗರಿಗೆ ನಾಕೌಟ್‌ನ ಮೊದಲ ಮ್ಯಾಚ್ ಮಯಾಮಿಯಲ್ಲಿ, ಎರಡನೆಯವರಿಗೆ ಲಾಸ್ ಏಂಜಲೀಸ್‌ನಲ್ಲಿ. ಒಂದು ದೇಶದ ಈ ತುದಿ, ಇನ್ನೊಂದು ಆ ತುದಿ. 12 ಗುಂಪುಗಳ ಮೂರನೆಯವರಲ್ಲಿ ಎಂಟು ತಂಡಗಳೂ ಮುಂದೆ ಹೋಗುತ್ತವೆ, ಅವರದು ಇನ್ನೂ ಬೇರೆ ಲೆಕ್ಕ. ಗುಂಪು ಹಂತದಲ್ಲೂ ದೂರ ಕಮ್ಮಿ ಅಂದುಕೊಳ್ಳಬೇಡಿ. 2026ರ ಮಹಿಳಾ ಏಷ್ಯನ್ ಕಪ್‌ನಲ್ಲಿ ನಮ್ಮ ಹುಡುಗಿಯರ ಮೊದಲ ಎರಡು ಮ್ಯಾಚ್ ಪರ್ತ್‌ನಲ್ಲಿ, ಮೂರನೆಯದು ಸಿಡ್ನಿಯಲ್ಲಿ. ದೇಶ ಒಂದೇ ಆಸ್ಟ್ರೇಲಿಯಾ, ಆದರೆ ನಡುವೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ.

ದೋಹಾದಲ್ಲಿ ನನಗೆ ಈ ಕಷ್ಟ ಇರಲಿಲ್ಲ. ಜನವರಿ 13, 18, 23ಕ್ಕೆ ಮ್ಯಾಚ್. ಮೊದಲೆರಡು ಅಹ್ಮದ್ ಬಿನ್ ಅಲಿ ಕ್ರೀಡಾಂಗಣದಲ್ಲಿ. ಮೆಟ್ರೊ ಇಳಿದು ನಡೆದರೆ ಬಂತು. ಆಸ್ಟ್ರೇಲಿಯಾ ವಿರುದ್ಧ ಮೊದಲರ್ಧ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಭಾರತ ತಂಡದ ಅಭಿಮಾನಿ ಬಳಗ ಬ್ಲೂ ಪಿಲ್ಗ್ರಿಮ್ಸ್ ಹುಡುಗರ ಡೋಲು, ಸುತ್ತ ಮಲಯಾಳವೇ ಜಾಸ್ತಿ, ನಡುವೆ ನಾನೊಬ್ಬ "ಹೊಡಿಯೋ, ಹೊಡಿಯೋ" ಅಂತ ಕಿರುಚುತ್ತಿದ್ದೆ. ಎರಡನೇ ಅರ್ಧದಲ್ಲಿ ಎರಡು ಗೋಲು ತಿಂದೆವು. ಉಜ್ಬೇಕಿಸ್ತಾನ 3-0 ಹೊಡೆಯಿತು. ಸಿರಿಯಾ ವಿರುದ್ಧದ ಮೂರನೇ ಮ್ಯಾಚ್ ಅಲ್ ಖೋರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ. ಅಲ್ಲಿಗೆ ಮೆಟ್ರೊ ಇಲ್ಲ, ಲುಸೈಲ್‌ವರೆಗೆ ಹೋಗಿ ಬಸ್ ಹಿಡಿಯಬೇಕು. 1-0ರಿಂದ ಸೋತು, ಆ ಬಸ್ಸಿನಲ್ಲಿ ಯಾರೂ ಮಾತಾಡದೆ ವಾಪಸ್ ಬಂದೆವು. ನನ್ನ ಪಕ್ಕದ ಸೀಟಿನವರು ಮುಂದಿನ ಸುತ್ತಿಗೂ ಸೇರಿಸಿ ತಿಂಗಳ ಕೊನೆವರೆಗೆ ಹೋಟೆಲ್ ದುಡ್ಡು ಕಟ್ಟಿದ್ದರು. ಭಾರತದ ಮೇಲೆ ಅವರಿಗಿದ್ದ ನಂಬಿಕೆಗೆ ಕೈ ಮುಗಿಯಬೇಕು.

ನೀವು ಭಾರತದ ಹಿಂದೆ ಹೋಗುವವರು. 2027ರ ಏಷ್ಯನ್ ಕಪ್‌ಗೆ ನಮ್ಮ ಗಂಡಸರ ತಂಡ ಅರ್ಹತೆ ಪಡೆಯಲಿಲ್ಲ. ಹಾಗಾಗಿ ಮೊದಲ ಪ್ರಯಾಣಕ್ಕೆ ದಕ್ಷಿಣ ಏಷ್ಯಾದ ದೇಶಗಳು ಆಡುವ ಸ್ಯಾಫ್ ಟೂರ್ನಿ ಮೇಲೆ ಕಣ್ಣಿಡಿ ಅನ್ನುತ್ತೇನೆ. ಅದು 2013ರಲ್ಲಿ ಕಠ್ಮಂಡು, 2018ರಲ್ಲಿ ಢಾಕಾ, 2021ರಲ್ಲಿ ಮಾಲೆ, 2023ರಲ್ಲಿ ನಮ್ಮ ಬೆಂಗಳೂರಿನ ಕಂಠೀರವದಲ್ಲಿ ನಡೆದಿತ್ತು. ನೇಪಾಳವಾದರೆ ವೀಸಾ ಬೇಡ, ಪಾಸ್‌ಪೋರ್ಟ್ ಕೂಡ ಬೇಡ, ಮತದಾರರ ಚೀಟಿ ಸಾಕು. ಆದರೆ ಆಧಾರ್ ಹಿಡಿದು ಹೊರಡಬೇಡಿ. ವಿಮಾನದಲ್ಲಿ ಹೋಗುವಾಗ 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ ಮಾತ್ರ ಅದು ನಡೆಯುತ್ತದೆ. ಮಾಲ್ಡೀವ್ಸ್‌ನಲ್ಲಿ ಇಳಿದ ಮೇಲೆ ವೀಸಾ, ದುಡ್ಡಿಲ್ಲದೆ. ಬಾಂಗ್ಲಾದೇಶಕ್ಕೆ ಮಾತ್ರ ಮುಂಚೆಯೇ ವೀಸಾ ಮಾಡಿಸಬೇಕು.

ಊರಿಂದ ವಿಮಾನ ನಿಲ್ದಾಣಕ್ಕೆ ಹೋಗುವುದನ್ನು ಯಾರೂ ಲೆಕ್ಕ ಹಾಕಲ್ಲ. ಬಳ್ಳಾರಿಯಿಂದ ಅನಂತಪುರ ಮೇಲೆ ಕಾರಿನಲ್ಲಿ ಹೋದರೆ ದೇವನಹಳ್ಳಿ ಬೆಂಗಳೂರಿಗಿಂತ ಮುಂಚೆಯೇ ಸಿಗುತ್ತದೆ, ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಯಲಹಂಕದಲ್ಲಿ ಇಳಿಯಿರಿ. ಆದರೆ ಬೆಳಿಗ್ಗೆಯ ವಿಮಾನ ಇಟ್ಟುಕೊಂಡು ಅದೇ ರಾತ್ರಿಯ ರೈಲು ನಂಬಬೇಡಿ. ರೈಲು ಮೂರು ಗಂಟೆ ತಡವಾದರೆ ನಿಮ್ಮ ಪಾಲಿಗೆ ಟೂರ್ನಿ ಗುಂತಕಲ್‌ನಲ್ಲೇ ಮುಗಿಯುತ್ತದೆ.

ಪತ್ರದ ಕೊನೆಗೆ ಕೇಳಿದ್ದೀರಿ, ಊಟಕ್ಕೆ ಏನು ಒಯ್ಯಲಿ ಅಂತ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ, ಲಗೇಜಿಗೆ ಹಾಕುವ ಚೀಲದಲ್ಲಿ. ಆದರೆ ಕೊಲ್ಲಿ ದೇಶಕ್ಕೆ ಹೋಗುವುದಾದರೆ ಗಸಗಸೆ ಒಂದು ಕಾಳೂ ಇರಬಾರದು. ಅಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ, ಜೈಲಿನವರೆಗೂ ಹೋಗಬಹುದು. ನಾನು ದೋಹಾಕ್ಕೆ ಹೊರಟಾಗ ಸಂಕ್ರಾಂತಿಗೆ ಎರಡು ಮೂರು ದಿನ ಇತ್ತು. ಅವ್ವ ಡಬ್ಬಿ ತುಂಬ ಕರ್ಚಿಕಾಯಿ ಕಟ್ಟಿಕೊಟ್ಟಿದ್ದಳು. ಹೂರಣಕ್ಕೆ ಏನೇನು ಹಾಕಿದ್ದೀ ಅಂತ ಬಾಗಿಲಲ್ಲಿ ನಿಂತು ಕೇಳಿದೆ. ಕೊಬ್ಬರಿ, ಬೆಲ್ಲ, ಪುಟಾಣಿ, ಏಲಕ್ಕಿ, "ಮತ್ತ ಒಂದೀಟು ಗಸಗಸಿ" ಅಂದಳು. ಡಬ್ಬಿ ಪಾಸ್‌ಪೋರ್ಟ್ ಇಲ್ಲದ ಗೆಳೆಯನ ಮನೆಗೆ ಹೋಯಿತು.