ತೂಕ ಹಿಂದಿದೆ, ಇಂಜಿನ್ ಸದ್ದು ಮುಂದಿದೆ

ಹಿಂಜವಡಿಯಲ್ಲಿ ಕೆಲಸ, ರಜೆ ಸಿಕ್ಕರೆ ಖಂಬಾಟ್ಕಿ ಘಾಟು ಹತ್ತಿ ಬೆಳಗಾವಿ ಕಡೆ ಓಟ. ಪುಣೆಯಲ್ಲಿ ಹ್ಯಾಚ್‌ಬ್ಯಾಕ್ ಇಟ್ಟುಕೊಂಡಿರುವ ನಮ್ಮ ಹುಡುಗರಲ್ಲಿ ಅನೇಕರಿಗೆ ಗಾಡಿ ಹಗುರಾಗಬೇಕು, ಇಂಜಿನ್ ಸದ್ದೂ ಒಳಗೆ ಕೇಳಬೇಕು. ಎರಡೂ ಒಂದೇ ಕೆಲಸ ಅಂದುಕೊಂಡು ಹಿಂದಿನ ಸೀಟು, ಕಾರ್ಪೆಟ್ ಎಲ್ಲ ಕಿತ್ತುಬಿಡುತ್ತಾರೆ. ಆಮೇಲೆ ಕಿವಿಗೆ ಬೀಳುವುದು ಟೈರಿನ ಮೊರೆತ, ಚಕ್ರದ ಗೂಡಿಗೆ ಬಡಿಯುವ ಕಲ್ಲು ಮತ್ತು ಗಾಡಿಯ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನ ಕೀರಲು ದನಿ. ಆ ಗದ್ದಲದಲ್ಲಿ ಇಂಜಿನ್ ಮೊದಲಿಗಿಂತ ಕಡಿಮೆಯೇ ಕೇಳುತ್ತದೆ. ಆದ್ದರಿಂದ ತೂಕದ ಕೆಲಸ, ಸದ್ದಿನ ಕೆಲಸ ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಮೊದಲು ತೂಕ ನೋಡೋಣ. 900 ಕೆಜಿ ಆಸುಪಾಸಿನ ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಸೀಟು ಸುಮಾರು 20–25 ಕೆಜಿ, ಉಕ್ಕಿನ ರಿಮ್ಮಿನ ಸ್ಟೆಪ್ನಿ 13–14 ಕೆಜಿ, ಜಾಕ್ ಮತ್ತು ಪಾನಾ 3–4 ಕೆಜಿ ಇರುತ್ತವೆ. ಟ್ಯಾಂಕಿನಲ್ಲಿ 20 ಲೀಟರ್ ಪೆಟ್ರೋಲ್ ಕಡಿಮೆ ಇಟ್ಟರೆ ಖರ್ಚಿಲ್ಲದೆ 15 ಕೆಜಿ ಇಳಿಯುತ್ತದೆ. ಇವುಗಳಲ್ಲಿ 45 ಕೆಜಿ ಇಳಿದರೂ ಚಾಲಕನೂ ಸೇರಿದ ಒಟ್ಟು ತೂಕದಲ್ಲಿ ಸುಮಾರು ಶೇ. 5ರಷ್ಟು ಹಗುರ. ಘಾಟಿನಲ್ಲಿ ಎರಡನೇ ಗೇರಿನಲ್ಲಿ ಎಳೆಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಕಳೆದ ತೂಕವೆಲ್ಲ ಹಿಂದಿನದು. ಮುಂಚಕ್ರ ಎಳೆಯುವ ಗಾಡಿಯ ಮೂಗು ಮೊದಲೇ ಭಾರ. ಹಿಂಭಾಗ ಇನ್ನೂ ಹಗುರಾದರೆ ಮಳೆಗಾಲದಲ್ಲಿ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಹಿಂಬದಿ ಜಾರುತ್ತದೆ. ಹಿಂಬದಿ ಮೇಲೇಳುವುದರಿಂದ ಹೆಡ್‌ಲೈಟಿನ ಬೆಳಕು ಕೆಳಗೆ ಬೀಳುತ್ತದೆ. ಅದನ್ನು ಮತ್ತೆ ಹೊಂದಿಸಬೇಕು. ದುಡ್ಡು ಹಾಕುವುದಿದ್ದರೆ ಚಕ್ರಕ್ಕೆ ಹಾಕಿ. ಒಂದೊಂದು ರಿಮ್ಮಿನಲ್ಲಿ 2 ಕೆಜಿ ಕಡಿಮೆಯಾದರೂ ಪಿಕಪ್ಪು, ಬ್ರೇಕು, ಸಸ್ಪೆನ್ಷನ್ ಮೂರಕ್ಕೂ ಲಾಭ. ಅಲಾಯ್ ಎಂದ ಮಾತ್ರಕ್ಕೆ ಹಗುರ ಎಂದಲ್ಲ. ಅಗ್ಗದ ಎರಕದ ಅಲಾಯ್ ಎಷ್ಟೋ ಸಲ ಉಕ್ಕಿನದಕ್ಕಿಂತ ಭಾರ ಇರುತ್ತದೆ. ಪುಣೆಯ ನಾನಾ ಪೇಟೆ ಎಂಬ ಬಿಡಿಭಾಗಗಳ ಬಜಾರಿನಲ್ಲಿ ಕೊಳ್ಳುವಾಗ ತಕ್ಕಡಿಗೆ ಹಾಕಿಸಿಯೇ ದುಡ್ಡು ಕೊಡಿ.

ಟ್ರ್ಯಾಕ್‌ಗೆ ಮಾತ್ರ ಹೋಗುವ ಗಾಡಿಯಾದರೆ ಸದ್ದು, ಕಂಪನ ತಡೆಯಲು ನೆಲಕ್ಕೆ ಅಂಟಿಸಿರುವ ಟಾರ್ ಶೀಟ್ ತೆಗೆಯಬಹುದು. ಸಣ್ಣ ಗಾಡಿಯಲ್ಲಿ ಸಿಗುವುದು ಕೆಲವೇ ಕೆಜಿ, ಅದಕ್ಕೆ ಹಿಡಿಯುವ ಶ್ರಮ ಬಹಳ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ ಐದು ನಿಮಿಷ ಬಿಡಿ. ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಸಾಮಾನ್ಯವಾಗಿ ನೆಲದ ನಡುವಿನ ಉದ್ದುಬ್ಬಿನ ಮೇಲೆ, ಗೇರ್ ಲಿವರಿನ ಹತ್ತಿರ ಇರುತ್ತದೆ. ಕರೆಂಟ್ ಇರುವಾಗ ಅಲ್ಲಿ ಸುತ್ತಿಗೆ ಬಡಿದರೆ ಏರ್‌ಬ್ಯಾಗ್ ಸಿಡಿಯಬಹುದು. ಸೀಟಿನ ಕೆಳಗಿನ, ಏರ್‌ಬ್ಯಾಗಿಗೆ ಸೇರಿದ ಹಳದಿ ಕನೆಕ್ಟರ್‌ಗಳಿಗೆ ಮಲ್ಟಿಮೀಟರ್ ಹಚ್ಚಲೇಬೇಡಿ.

ಹೀಟ್ ಗನ್ ಹಿಡಿದರೆ ಟಾರು ಕರಗಿ ಅಂಟಾಗಿ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಡ್ರೈ ಐಸ್ ಒಳ್ಳೆಯದು. ಹ್ಯಾಚ್‌ಬ್ಯಾಕಿಗೆ ಸುಮಾರು 10 ಕೆಜಿ ಸಾಕು. ಮೈನಸ್ 78 ಡಿಗ್ರಿಯ ಆ ತುಂಡುಗಳನ್ನು ಶೀಟಿನ ಮೇಲೆ ಹರಡಿ ಹತ್ತು–ಹದಿನೈದು ನಿಮಿಷ ಬಿಟ್ಟರೆ ಟಾರು ಚಟಚಟ ಅನ್ನತೊಡಗುತ್ತದೆ. ಆಗ ಐಸನ್ನು ಪಕ್ಕಕ್ಕೆ ಸರಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಹೆಂಚಿನಂತೆ ಒಡೆದು ಕೈಗೆ ಬರುತ್ತದೆ. ದಪ್ಪ ಕೈಗವಸು ಬೇಕು, ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿರಬೇಕು. ಅದರಿಂದ ಏಳುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ, ಬಗ್ಗಿ ಕೆಲಸ ಮಾಡುವವರ ಮೂಗಿಗೇ ಬರುತ್ತದೆ. ತರುವಾಗಲೂ ಗಾಜು ಇಳಿಸಿರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ. ಉಳಿದ ಕಲೆ ಟರ್ಪೆಂಟೈನಿಗೆ ಹೋಗುತ್ತದೆ. ಬಣ್ಣ ಎದ್ದಲ್ಲಿ ಅಂದೇ ಪ್ರೈಮರ್ ಹೊಡೆಯಿರಿ. ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಪೈಪಿನ ಮೇಲಿರುವ ಹೀಟ್ ಶೀಲ್ಡನ್ನು ಮಾತ್ರ ಮುಟ್ಟಬಾರದು. ಟಾರು, ಫೆಲ್ಟ್ ಹೋದ ನೆಲ ಮೊದಲೇ ಪಾದ ಸುಡುವಷ್ಟು ಕಾಯುತ್ತದೆ.

ಇನ್ನು ಸದ್ದು. ಇಂಜಿನ್ ಖುಷಿ ಕೊಡುವ ದನಿ ಹೆಚ್ಚಾಗಿ ಹುಟ್ಟುವುದು ಗಾಳಿ ಎಳೆಯುವ ಕಡೆ. ಏರ್ ಫಿಲ್ಟರ್ ಬಾಕ್ಸಿಗೆ ಹೋಗುವ ಕೊಳವೆಗೆ ಅಂಟಿದಂತೆ ರೆಸೋನೇಟರ್ ಎಂಬ, ಒಂದೇ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಗೊತ್ತಾದ ಕೆಲವು ಸ್ವರಗಳನ್ನು ನುಂಗುವುದೇ ಅದರ ಕೆಲಸ. ಅದನ್ನು ಕಳಚಿ ತೂತನ್ನು ಕ್ಲ್ಯಾಂಪ್ ಹಾಕಿದ ರಬ್ಬರ್ ಕ್ಯಾಪಿನಿಂದ ಬಿಗಿಯಾಗಿ ಮುಚ್ಚಿದರೆ 3,000 ಆರ್‌ಪಿಎಂ ಮೇಲೆ ಒಳ್ಳೆಯ ಗರ್ಜನೆ ಕೇಳಬಹುದು. ಬೇಡವಾದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆ ಕೂರಿಸಬಹುದು. ನಮ್ಮ ಸಲಹೆ ಇಲ್ಲಿಂದಲೇ ಶುರು ಮಾಡಿ ಎಂಬುದು. ಕೊಳವೆಯ ಬಾಯಿ ಕಂಪನಿ ಇಟ್ಟ ಎತ್ತರದಲ್ಲೇ ಇರಲಿ. ಕೆಳಗಿಳಿಸಿದರೆ ಜುಲೈನಲ್ಲಿ ನೀರು ನಿಂತ ರಸ್ತೆಯಲ್ಲಿ ಇಂಜಿನ್ ನೀರು ಕುಡಿದು ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಬಹುದು. ಬಾನೆಟ್ಟಿನೊಳಗೆ ಬಯಲಿಗಿಟ್ಟ ಕೋನ್ ಫಿಲ್ಟರ್ ಸದ್ದು ಕೊಡುತ್ತದೆ ನಿಜ, ಆದರೆ ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲಿ ಬಿಸಿಗಾಳಿ ಎಳೆದು ಪಿಕಪ್ ಸೊರಗುತ್ತದೆ. ಎಣ್ಣೆ ಹಚ್ಚುವ ಫಿಲ್ಟರಿಗೆ ಎಣ್ಣೆ ಹೆಚ್ಚಾದರೆ ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ.

ಸದ್ದು ಒಳಗೆ ಬರಲೆಂದು ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲಿಗೆ ತೂತು ಕೊರೆಯುವುದನ್ನು ನಾವು ಒಪ್ಪುವುದೇ ಇಲ್ಲ. ಬೆಂಕಿಯನ್ನೂ ಹೊಗೆಯನ್ನೂ ತಡೆಯುವ ಗೋಡೆ ಅದೊಂದೇ. ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಕಂಪನಿಯೇ ಇಂಟೇಕಿನಿಂದ ಕ್ಯಾಬಿನ್ನಿನ ಕಡೆಗೆ ಸದ್ದಿನ ಕೊಳವೆ ಎಳೆದಿದೆ. ಅದರ ನಡುವೆ ಪೊರೆ ಇದೆ. ದಾಟುವುದು ಕಂಪನ ಮಾತ್ರ, ಗಾಳಿಯಲ್ಲ.

ಕಾನೂನನ್ನೂ ನೋಡಿಕೊಳ್ಳಿ. ಆರ್‌ಸಿಯಲ್ಲಿ ಐದು ಸೀಟು ಎಂದಿದ್ದು ಗಾಡಿಯಲ್ಲಿ ಎರಡೇ ಇದ್ದರೆ ಅದು ಮಾರ್ಪಾಡು. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸೈಲೆನ್ಸರ್ ಕತ್ತರಿಸಿ ಗದ್ದಲ ಮಾಡಿದರೆ 190(2)ರಡಿ 10,000 ರೂಪಾಯಿವರೆಗೂ ಹೋಗಬಹುದು. ದಿನಬಳಕೆಯ ಗಾಡಿಯಲ್ಲಿ ಸೀಟು, ಕಾರ್ಪೆಟ್, ಸೈಲೆನ್ಸರ್ ಇದ್ದ ಹಾಗೇ ಇರಲಿ. ಡಿಕ್ಕಿಯ ಬೇಡದ ಸಾಮಾನು ಇಳಿಸಿ, ರಿಮ್ ತೂಗಿಸಿ ಕೊಳ್ಳಿ. ರೆಸೋನೇಟರ್ ಕಳಚಿದವರು ಆ ಡಬ್ಬಿಯನ್ನೂ ಅದರ ಕ್ಲಿಪ್ಪುಗಳನ್ನೂ ಎತ್ತಿಡಿ. ವಾರಂಟಿ ಇರುವ ಗಾಡಿ ಸರ್ವಿಸ್‌ಗೆ ಹೋಗುವ ಮುನ್ನ ಅದನ್ನು ತಿರುಗಿ ಕೂರಿಸಬೇಕಾಗುತ್ತದೆ.