ಪೊಲೀಸರು ರಾಜ್ಯದವರು, ತರಂಗ ದೆಹಲಿಯದ್ದು

2005ರ ಜುಲೈ 26ರಂದು ಮುಂಬೈಯ ಉತ್ತರ ಭಾಗದ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ ಸುರಿದ ಮಳೆ 944 ಮಿಲಿಮೀಟರ್. ಅದೇ ಹೊತ್ತಿಗೆ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73. ಈ ಎರಡು ಅಂಕಿಗಳನ್ನು ಮುಂಬೈ ನಕಾಶೆಯ ಮೇಲೆ ಇಟ್ಟು ನೋಡಿ. ಮಂತ್ರಾಲಯ, ಅಂದರೆ ಮಹಾರಾಷ್ಟ್ರದ ಸಚಿವಾಲಯ, ದಕ್ಷಿಣದಲ್ಲಿ. ಪೊಲೀಸ್ ಕಮಿಷನರ್ ಕಚೇರಿ ದಕ್ಷಿಣದಲ್ಲಿ. ಮಹಾನಗರ ಪಾಲಿಕೆಯ ಮುಖ್ಯ ಕಚೇರಿಯೂ ಅಲ್ಲೇ. ಅಂದರೆ ಆಳುವವರೆಲ್ಲ ಕೂತಿದ್ದದ್ದು ಸಾಧಾರಣ ಮಳೆ ಬಂದ ಕಡೆ. ಮುಳುಗಿದ್ದು ಕಲೀನಾ, ಕುರ್ಲಾ, ಮಿಠಿ ನದಿಯ ಆಚೀಚಿನ ಬಡಾವಣೆಗಳು.

ಮುಂಬೈಯ ನಮ್ಮ ಕನ್ನಡಿಗರು ಜಾಸ್ತಿ ಇರೋದೂ ಆ ಕಡೆಯೇ ಅಲ್ವಾ? ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕಲೀನಾದಲ್ಲಿ, ಬಂಟರ ಸಂಘ ಕುರ್ಲಾದಲ್ಲಿ, ಬಿಲ್ಲವರ ಭವನ ಸಾಂತಾಕ್ರೂಜ್‌ನಲ್ಲಿ. ಅಂದು ರಾತ್ರಿ ಆಫೀಸಿನಲ್ಲೋ, ಬಸ್ಸಿನಲ್ಲೋ, ಯಾರದ್ದೋ ಹೋಟೆಲಿನ ಬೆಂಚಿನ ಮೇಲೋ ಕಳೆದವರ ಕಥೆ ಕನ್ನಡ ಮನೆಗಳಲ್ಲಿ ಇನ್ನೂ ಹಳತಾಗಿಲ್ಲ. ಕಥೆಗಳೆಲ್ಲ ಒಂದು ಮಾತಿನಲ್ಲಿ ಮಾತ್ರ ಕೂಡುತ್ತವೆ: ಫೋನ್ ಹತ್ತಲಿಲ್ಲ. ನೀರು ನುಗ್ಗಿದ ಕಡೆ ಶಾಕ್ ಹೊಡೆದೀತೆಂದು ಕರೆಂಟ್ ತೆಗೆದಿದ್ದರು. ಕರೆಂಟ್ ಹೋದ ಮೇಲೆ ಮೊಬೈಲ್ ಟವರ್‌ಗಳು ಬ್ಯಾಟರಿ ಇರುವಷ್ಟು ಹೊತ್ತು ಉಸಿರಾಡಿ ಸುಮ್ಮನಾದವು. ಉತ್ತರದಲ್ಲಿ ಏನಾಗುತ್ತಿದೆ ಎಂದು ದಕ್ಷಿಣಕ್ಕೆ ಗೊತ್ತಾಗುವ ದಾರಿಯೇ ಕಟ್ಟಿಹೋಯಿತು. ಆ ಮಳೆಯಲ್ಲಿ ಮಹಾರಾಷ್ಟ್ರದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು.

ಆಮೇಲೆ ಸರ್ಕಾರ ಜಲತಜ್ಞ ಮಾಧವರಾವ್ ಚಿತಳೆ ಅವರ ತನಿಖಾ ಸಮಿತಿ ಮಾಡಿತು. ಅಗ್ನಿಶಾಮಕ ಠಾಣೆಗಳಂಥ ಕಡೆ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕಗಳು ಬಂದವು. ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ 1916 ಎಂಬ ನಂಬರ್ ಈಗ ಮಳೆಗಾಲದಲ್ಲಿ ಎಲ್ಲರಿಗೂ ಬಾಯಿಪಾಠ. ಇದೆಲ್ಲ ಒಳ್ಳೆಯ ಕೆಲಸವೇ. ಆದರೆ ಮಳೆ ಅಳೆಯೋದು ಪಾಲಿಕೆ, ಪೊಲೀಸರನ್ನು ಕಳಿಸೋದು ರಾಜ್ಯ, ಟವರ್ ಖಾಸಗಿ ಕಂಪನಿಯದ್ದು, ಆ ಕಂಪನಿಗೆ ಲೈಸೆನ್ಸ್ ಕೊಡೋದು ದೆಹಲಿ. ಇಷ್ಟೂ ಜನ ಒಂದೇ ರಾತ್ರಿ ಒಬ್ಬರಿಗೊಬ್ಬರು ಕೇಳಿಸುವ ಹಾಗೆ ನೋಡಿಕೊಳ್ಳೋದು ಯಾರ ಕೆಲಸ? ಇದರ ಬೇರು ಹುಡುಕಿದರೆ ಬ್ರಿಟಿಷರ ಕಾಲಕ್ಕೆ ಹೋಗಿ ನಿಲ್ಲುತ್ತೇವೆ.

1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ ತಂತಿಯನ್ನೂ ತರಂಗವನ್ನೂ ಕೇಂದ್ರದ ಕೈಗೆ ಕೊಟ್ಟವು. ನಮ್ಮ ಸಂವಿಧಾನವೂ ಅದನ್ನು ಕದಲಿಸಲಿಲ್ಲ. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿ, ಟೆಲಿಫೋನ್ ಮತ್ತು ವೈರ್‌ಲೆಸ್ ಕೇಂದ್ರ ಪಟ್ಟಿಯಲ್ಲಿ. ಗಾಡಿ ಒಬ್ಬರದು, ರಸ್ತೆ ಇನ್ನೊಬ್ಬರದು ಅನ್ನೋ ಹಾಗೆ. ಹವಾಲ್ದಾರರ ಕೈಯಲ್ಲಿರುವ ವಾಕಿಟಾಕಿ ರಾಜ್ಯ ಕೊಂಡದ್ದು. ಅದು ಮಾತಾಡುವ ಫ್ರೀಕ್ವೆನ್ಸಿಗೆ ದೆಹಲಿಯ ಒಪ್ಪಿಗೆ ಬೇಕು. ರಾಜ್ಯಗಳ ಪೊಲೀಸ್ ವೈರ್‌ಲೆಸ್‌ಗಳನ್ನು ಹೊಂದಿಸಲಿಕ್ಕೆಂದು 1946ರಿಂದ ಒಂದು ನಿರ್ದೇಶನಾಲಯವೇ ಕೇಂದ್ರದಲ್ಲಿದೆ, ಈಗ ಗೃಹ ಸಚಿವಾಲಯದ ಕೆಳಗೆ.

ರಾಜ್ಯದ ಮಟ್ಟದಲ್ಲಿ ಈ ಕೆಲಸ ನೋಡೋದು ಪೊಲೀಸ್ ವೈರ್‌ಲೆಸ್ ವಿಭಾಗ. ಅದರ ಮುಖ್ಯ ಕಚೇರಿ ಮುಂಬೈಯಲ್ಲಿದೆ ಅಂದುಕೊಂಡವರೇ ಹೆಚ್ಚು. ಅಲ್ಲ, ಅದು ಪುಣೆಯಲ್ಲಿ, ಪಾಷಾಣ್ ರಸ್ತೆಯ ಕಡೆ ಇದೆ. ವೈರ್‌ಲೆಸ್ ಸೆಟ್ ರಿಪೇರಿ, ಗುಡ್ಡದ ಮೇಲಿನ ರಿಪೀಟರ್, ಠಾಣೆ ಠಾಣೆಯ ಸಂಪರ್ಕ, ಎಲ್ಲ ಈ ವಿಭಾಗದ ಪಾಲಿನದು. ರಿಪೀಟರ್ ಅಂದರೆ ಬಂದ ಮಾತನ್ನು ಹಿಡಿದು, ಬಲ ತುಂಬಿ, ಮುಂದಕ್ಕೆ ಎಸೆಯುವ ಯಂತ್ರ. ಸಹ್ಯಾದ್ರಿಯಂಥ ಬೆಟ್ಟಸಾಲಿನಲ್ಲಿ ಅದು ಕೆಟ್ಟರೆ ಒಂದು ಕಣಿವೆಯ ಪೊಲೀಸರಿಗೆ ಇನ್ನೊಂದು ಕಣಿವೆ ಇದೆ ಅನ್ನೋದೇ ಮರೆತುಹೋಗಬೇಕು.

ಇದಕ್ಕೆ ಉಸ್ತುವಾರಿ ಇಲ್ಲ ಅಂತಲ್ಲ. ಗೃಹ ಇಲಾಖೆ ಇದೆ, ಕೇಂದ್ರದ ಪೊಲೀಸ್ ಆಧುನೀಕರಣದ ದುಡ್ಡಿದೆ, ದುಡ್ಡಿನ ಹಿಂದೆ ಸಿಎಜಿ ಆಡಿಟ್ ಇದೆ, ವಿಧಾನಮಂಡಲದಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಆದರೆ ಇವರೆಲ್ಲರ ಕಣ್ಣು ಹೆಚ್ಚಾಗಿ ಖರೀದಿಯ ಮೇಲೆ. ಸೆಟ್ ಬಂತಾ, ಬಿಲ್ ಸರಿಯಿದೆಯಾ, ಗೋದಾಮಿನಲ್ಲಿ ಕೊಳೀತಾ ಇದೆಯಾ? ಬೇಕಾದ ರಾತ್ರಿ ಆ ಸೆಟ್ಟಿನಲ್ಲಿ ಹೇಳಿದ್ದು ಆಚೆಯವರಿಗೆ ಕೇಳಿಸಿತಾ ಅನ್ನೋದನ್ನು ಬಿಲ್ ನೋಡಿ ಕಂಡುಹಿಡಿಯೋಕೆ ಆಗೋದಿಲ್ಲ.

ಉಗ್ರರು ಮುಂಬೈ ಮೇಲೆ ದಾಳಿ ಮಾಡಿದ 2008ರ ನವೆಂಬರ್ 26ರ ರಾತ್ರಿ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಕಾಮಾ ಆಸ್ಪತ್ರೆಯ ಪಕ್ಕದ ರಂಗಭವನ ಗಲ್ಲಿಯಲ್ಲಿ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್ ಗುಂಡಿಗೆ ಬಲಿಯಾದರು. ಅವರಿದ್ದ ಪೊಲೀಸ್ ಗಾಡಿಯ ಹಿಂಬದಿಯಲ್ಲಿ ಗಾಯಗೊಂಡು ಬಿದ್ದಿದ್ದ ಕಾನ್‌ಸ್ಟೆಬಲ್ ಅರುಣ್ ಜಾಧವ್. ಉಗ್ರರು ಆ ಗಾಡಿಯನ್ನೇ ಓಡಿಸಿಕೊಂಡು ಹೋದರು. ಅವರು ಇಳಿದು ಹೋದ ಮೇಲೆ ಜಾಧವ್ ಗಾಡಿಯ ವೈರ್‌ಲೆಸ್‌ಗೆ ಕೈ ಚಾಚಿ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸಿದರು. ಮೂವರು ಅಧಿಕಾರಿಗಳು ಬಿದ್ದಿದ್ದಾರೆ ಎನ್ನುವ ಸುದ್ದಿ ಹೊರಬಂದದ್ದು ಹೀಗೆ. ಅದೇ ರಾತ್ರಿ ಉಗ್ರರನ್ನು ಆಡಿಸುತ್ತಿದ್ದವರು ಗಡಿಯಾಚೆ ಕೂತು, ಇಂಟರ್ನೆಟ್ ಮೂಲಕ ಫೋನ್ ಮಾಡಿ, ಟಿವಿ ನೋಡಿಕೊಂಡೇ ಅಪ್ಪಣೆ ಕೊಡುತ್ತಿದ್ದರು. ದಾಳಿಕೋರರ ಸಂಪರ್ಕ ಗಟ್ಟಿಯಾಗಿತ್ತು, ಕಾಯುವವರದ್ದು ಕಡಿದು ಕಡಿದು ಬರುತ್ತಿತ್ತು.

ದಾಳಿಯ ತನಿಖೆಗೆ ರಾಜ್ಯ ಸರ್ಕಾರ ಡಿಸೆಂಬರಿನಲ್ಲೇ ನಿವೃತ್ತ ಅಧಿಕಾರಿಗಳಾದ ರಾಮ್ ಪ್ರಧಾನ್ ಮತ್ತು ವಿ. ಬಾಲಚಂದ್ರನ್ ಅವರ ಸಮಿತಿ ನೇಮಿಸಿತು. 2009ರಲ್ಲಿ ವರದಿ ಬಂತು. ಗುಟ್ಟಿನ ವಿಷಯ ಎಂದು ಸರ್ಕಾರ ಅದನ್ನು ಕೆಲಕಾಲ ಹಿಡಿದಿಟ್ಟಿತು, ಸೋರಿಕೆಯಾಗಿ ಗಲಾಟೆಯಾದ ಮೇಲೆ ಸದನದ ಮುಂದಿಟ್ಟಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇದೇ. ಶಸ್ತ್ರಾಸ್ತ್ರದ ವಿವರ ಗುಟ್ಟಾಗಿರಲಿ, ಯಾರು ಬೇಡ ಅಂದರು? ಕಂಟ್ರೋಲ್ ರೂಮಿನ ವ್ಯವಸ್ಥೆ ಎಲ್ಲಿ ಸೋತಿತು ಅನ್ನೋದು ಜನಕ್ಕೆ ತಿಳಿಯದಿದ್ದರೆ ಅದನ್ನು ಸರಿಮಾಡಿ ಎಂದು ಒತ್ತಾಯಿಸುವವರು ಯಾರು?

ವರದಿಯ ನಂತರ ಫೋರ್ಸ್ ಒನ್ ಎಂಬ ಪೊಲೀಸ್ ಕಮಾಂಡೊ ಪಡೆ ಬಂತು. ಸಿಸಿಟಿವಿಗೆ ಮಾತ್ರ ವರ್ಷಗಟ್ಟಲೆ ಟೆಂಡರ್ ಮೇಲೆ ಟೆಂಡರ್. ಗುತ್ತಿಗೆ ಕೊನೆಗೆ 2015ರಲ್ಲಿ ಎಲ್ ಆಂಡ್ ಟಿಗೆ ಹೋಯಿತು. ಸುಮಾರು 4,700 ಕ್ಯಾಮೆರಾಗಳ ಜಾಲ ಪೂರ್ತಿಯಾಗಿ ಚಾಲೂ ಆದದ್ದು 2016ರ ಅಕ್ಟೋಬರ್ 2ರಂದು. ದಾಳಿಯಾಗಿ ಎಂಟು ವರ್ಷ ಕಳೆಯುತ್ತಾ ಬಂದಿತ್ತು.

ನಗರದ ಕಥೆ ಇದಾದರೆ ಗುಡ್ಡಗಾಡಿನದ್ದು ಬೇರೆ. 2014ರ ಜುಲೈ 30ರ ಬೆಳಿಗ್ಗೆ ಪುಣೆ ಜಿಲ್ಲೆಯ ಆಂಬೇಗಾವ್ ತಾಲೂಕಿನಲ್ಲಿ ಗುಡ್ಡ ಕುಸಿದು ಮಾಳೀಣ್ ಊರು ಮಣ್ಣಡಿ ಹೋಯಿತು. 150ಕ್ಕೂ ಹೆಚ್ಚು ಜನ ಸತ್ತರು. ಹೊರಜಗತ್ತಿಗೆ ಈ ಸುದ್ದಿ ಮುಟ್ಟಿಸಿದ್ದು ಎಸ್‌ಟಿ, ಅಂದರೆ ರಾಜ್ಯ ಸಾರಿಗೆ, ಬಸ್ಸಿನ ಡ್ರೈವರ್. ಬಸ್ ತಂದು ನೋಡುತ್ತಾನೆ, ಊರೇ ಇಲ್ಲ! ಅದೇ ವರ್ಷದ ಜನವರಿಯಲ್ಲಿ ಮಹಾರಾಷ್ಟ್ರ 108 ಆಂಬುಲೆನ್ಸ್ ಸೇವೆ ಶುರುಮಾಡಿತ್ತು, 937 ಗಾಡಿಗಳು. ಕರೆದರೆ ಬರುವ ಗಾಡಿ ರಾಜ್ಯದ ಹತ್ತಿರ ಇತ್ತು. ಆ ಊರಿನಲ್ಲಿ ಕರೆಯುವವರೇ ಉಳಿದಿರಲಿಲ್ಲ.

ಈಗಿನ ತುರ್ತು ನಂಬರ್ 112ರ ಹುಟ್ಟು ದೆಹಲಿಯಲ್ಲಿ ನಡೆದ ಒಂದು ದುರಂತದಲ್ಲಿದೆ. 2012ರ ನಿರ್ಭಯಾ ಪ್ರಕರಣದ ನಂತರ ದೇಶಕ್ಕೆಲ್ಲ ಒಂದೇ ತುರ್ತು ನಂಬರ್ ಬೇಕೆಂಬ ಕೂಗು ಎದ್ದಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 112 ಎಂದು ಶಿಫಾರಸು ಮಾಡಿತು. ನಿರ್ಭಯಾ ನಿಧಿಯಿಂದ ಇದಕ್ಕೆ 321.69 ಕೋಟಿ ರೂಪಾಯಿ ತೆಗೆದಿಟ್ಟರು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಮೂರು ಸಲ, ಹಳೆಯ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿದರೆ ಕರೆ ಹೋಗಬೇಕೆಂಬ ನಿಯಮವೂ ಬಂತು. 2018ರ ನವೆಂಬರಿನಲ್ಲಿ ಮೊದಲು ಶುರುವಾದದ್ದು ಹಿಮಾಚಲದಲ್ಲಿ. ಮಹಾರಾಷ್ಟ್ರದಲ್ಲಿ ರಾಜ್ಯಕ್ಕೆಲ್ಲ ಹರಡಿದ್ದು 2021ರಲ್ಲಿ: ಮುಖ್ಯ ಕೇಂದ್ರ ನವಿ ಮುಂಬೈಯಲ್ಲಿ, ಎರಡನೆಯದು ನಾಗ್ಪುರದಲ್ಲಿ. ಅಲ್ಲಿ ಕರೆ ಎತ್ತುತ್ತಾರೆ, ಜಾಗ ಗುರುತಿಸುತ್ತಾರೆ, ಜಿಲ್ಲೆಗೆ ದಾಟಿಸುತ್ತಾರೆ. ಹತ್ತಿರದ ಪೊಲೀಸ್ ಗಾಡಿಯ ಪರದೆಯ ಮೇಲೆ ಅದು ಮೂಡುತ್ತದೆ.

ಇನ್ನೊಂದು ಯೋಜನೆಯ ವಿಷಯವೇ ಜನಕ್ಕೆ ಗೊತ್ತಿಲ್ಲ. ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಎಲ್ಲಕ್ಕೂ ಸೇರಿ ದೇಶದಾದ್ಯಂತ ಒಂದೇ ಬ್ರಾಡ್‌ಬ್ಯಾಂಡ್ ಜಾಲ ಕಟ್ಟಿ, ಅದಕ್ಕೆಂದೇ ತರಂಗ ಮೀಸಲಿಡಿ ಎಂದು ಟ್ರಾಯ್ 2018ರ ಜೂನ್‌ನಲ್ಲಿ ಹೇಳಿತ್ತು. ಊರಿನ ಫೋನೆಲ್ಲ ಸತ್ತರೂ ಇವರ ಮಾತು ನಿಲ್ಲಬಾರದು ಅನ್ನೋದು ಅದರ ಸಾರ. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆಯದೇ ಒಂದು ವ್ಯವಸ್ಥೆ, 2023ರಲ್ಲಿ ಮೊಬೈಲಿಗೆ ಬಂದ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ಮಾತ್ರ. ಫೋನ್ ಒಮ್ಮೆಲೇ ಕಿರುಚಿತು, ನಡುಗಿತು, ಎಷ್ಟೋ ಜನ ಹ್ಯಾಕ್ ಆಯ್ತು ಅಂತ ಗಾಬರಿಬಿದ್ದರು. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ಹೋಗುವ ಸಂದೇಶ ಅದು. ನೆಟ್‌ವರ್ಕ್ ತುಂಬಿದ್ದರೂ ಎಸ್ಸೆಮ್ಮೆಸ್ ಹಾಗೆ ಸರದಿಯಲ್ಲಿ ಕಾಯೋದಿಲ್ಲ. ಆದರೆ ಟವರೇ ಸತ್ತಿದ್ದರೆ ಅದೂ ಬರೋದಿಲ್ಲ.

ಕಾನೂನಿನಲ್ಲಿ ಒಂದು ವಿಚಿತ್ರವಿದೆ. ರಾಜ್ಯದ ಗೃಹ ಕಾರ್ಯದರ್ಶಿ ಮನಸ್ಸು ಮಾಡಿದರೆ ಒಂದು ಜಿಲ್ಲೆಯ ಇಂಟರ್ನೆಟ್ ಬಂದ್ ಮಾಡಿಸಬಹುದು. 2023ರ ಜೂನ್‌ನಲ್ಲಿ ಕೊಲ್ಲಾಪುರದಲ್ಲಿ ಗಲಭೆಯಾದಾಗ ಬಂದ್ ಆಗಿತ್ತು. ತುರ್ತು ಹೊತ್ತಿನಲ್ಲಿ ಜಾಲವನ್ನು ತಾತ್ಕಾಲಿಕವಾಗಿ ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು 2023ರ ದೂರಸಂಪರ್ಕ ಕಾಯ್ದೆ ಕೇಂದ್ರದ ಜೊತೆ ರಾಜ್ಯಕ್ಕೂ ಕೊಟ್ಟಿದೆ. ಆದರೆ ಕುರ್ಲಾದ ಟವರಿನಲ್ಲಿ ಇಷ್ಟು ಗಂಟೆಯ ಬ್ಯಾಟರಿ ಇರಲೇಬೇಕು ಎಂಬ ಷರತ್ತನ್ನು ಲೈಸೆನ್ಸಿನಲ್ಲಿ ಬರೆಯೋದು ದೆಹಲಿಯ ಕೈಯಲ್ಲಿದೆ. ನಿಲ್ಲಿಸೋದು ರಾಜ್ಯಕ್ಕೆ ಸುಲಭ, ನಡೆಸೋದು ಕಷ್ಟ. ಮಾತಾಡಿದರೆ ಆಗದ್ದೇನಲ್ಲ, ಪ್ರತಿ ಮಳೆಗಾಲದ ಮುಂಚೆ ನಾಲೆಗಳ ಹೂಳೆತ್ತುವ ಬಗ್ಗೆ ಇಷ್ಟೊಂದು ಸಭೆ ನಡೆಯುತ್ತವೆ ಅಲ್ವಾ? ಟವರುಗಳ ಬ್ಯಾಟರಿಗೂ ಒಂದು ಸಭೆ ಸಾಕು.

ನಮಗೆ ಸಂಬಂಧಿಸಿದ ಇನ್ನೊಂದು ವಿಷಯ ಭಾಷೆ. ಸಾಂಗ್ಲಿ ಜಿಲ್ಲೆಯ ಜತ್, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆ ಮನೆಮಾತು ಕನ್ನಡ ಆಗಿರುವವರು ಸಾವಿರಾರು ಜನ. ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ವಿಜಯಪುರದಿಂದ ಬರುವವರೂ ಇದ್ದಾರೆ. ಮೊದಲು 100 ಒತ್ತಿದರೆ ಫೋನ್ ಆ ಜಿಲ್ಲೆಯಲ್ಲೇ ರಿಂಗಾಗುತ್ತಿತ್ತು. ಗಡಿ ಜಿಲ್ಲೆಯ ಪೊಲೀಸರಲ್ಲಿ ಕನ್ನಡ ತಿಳಿದವರು ಒಬ್ಬರಾದರೂ ಇರೋದು ಸಹಜ. ಈಗ 112ರ ಕರೆ ಮೊದಲು ಹೋಗೋದು ನೂರಾರು ಕಿಲೋಮೀಟರ್ ಆಚೆಯ ಆ ಕೇಂದ್ರಗಳಿಗೆ. ಗಾಬರಿಯಲ್ಲಿ ಮನುಷ್ಯ ಮಾತಾಡೋದು ತಾಯಿಭಾಷೆಯಲ್ಲೇ.

ಹಾಗಾಗಿ ಕೇಳಬೇಕಾದದ್ದು ಇಷ್ಟು: ತಾಲೂಕುವಾರು ಎಷ್ಟು ಕರೆ ಬಂದವು, ಎಷ್ಟು ಸೆಕೆಂಡಿಗೆ ಎತ್ತಿದರು, ಎಷ್ಟು ಕರೆ ಮಾತು ಅರ್ಥವಾಗದೆ ಕಟ್ ಆದವು. ಸರಾಸರಿ ಹೇಳಿದರೆ ಸಾಲದು. ಮುಂಬೈಯ ವೇಗದಲ್ಲಿ ಜತ್ ಮುಚ್ಚಿಹೋಗುತ್ತದೆ. ಇದನ್ನು ಶಾಸಕರು ಸದನದಲ್ಲಿ ಕೇಳಬಹುದು, ನಾವೂ ಕೇಳಬಹುದು. 26/11ರ ರಾತ್ರಿಯ ಕಂಟ್ರೋಲ್ ರೂಂ ದಾಖಲೆ ಕಾಮ್ಟೆ ಅವರ ಪತ್ನಿಯ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಮೂಲಕವೇ. ಮಹಾರಾಷ್ಟ್ರದಲ್ಲಿ ಆ ಅರ್ಜಿಗೆ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು.