ಅದೇ 5.7 ಲೀಟರ್ ಎಂಜಿನ್, 300ರಿಂದ 165ಕ್ಕೆ ಇಳಿದದ್ದು ಹೇಗೆ?

ಪ್ರಶ್ನೆ: 1970ರ ಷೆವ್ರೊಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಮೂಲ (ಹೆಚ್ಚುವರಿ ಹಣ ಕೊಡದೆ ಸಿಗುವ) ಎಂಜಿನ್‌ಗೆ 300 ಅಶ್ವಶಕ್ತಿ ಎಂದು ಬರೆದಿರುತ್ತದೆ, 1975ರದ್ದಕ್ಕೆ 165 ಮಾತ್ರ. ಎರಡೂ 5.7 ಲೀಟರಿನ ವಿ8 ಎಂಜಿನ್‌ಗಳೇ. ಐದು ವರ್ಷಗಳಲ್ಲಿ ಶಕ್ತಿ ಅರ್ಧದಷ್ಟು ಕುಸಿಯಿತೇ? ಕೊಟ್ಟ ಹಣಕ್ಕೆ ಯಾವ ಹಳೆಯ ಕಾರ್ವೆಟ್ ಉತ್ತಮ?

ಉತ್ತರ: ಕುಸಿದದ್ದು ನಿಜ, ಆದರೆ ಅಂಕಿಗಳು ತೋರಿಸುವಷ್ಟಲ್ಲ. 1971ರವರೆಗೆ ಅಮೆರಿಕದ ಕಂಪನಿಗಳು ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್‌ಗಳಂಥ ಹೊರೆಗಳಿಲ್ಲದೆ, ಪರೀಕ್ಷಾ ಪೀಠದ ಮೇಲೆ ಓಡಿಸಿದ ಎಂಜಿನ್‌ನ 'ಗ್ರಾಸ್' ಶಕ್ತಿಯನ್ನು ಪ್ರಕಟಿಸುತ್ತಿದ್ದವು. 1972ರ ಮಾದರಿಗಳಿಂದ, ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆದ 'ನೆಟ್' ಶಕ್ತಿ ರೂಢಿಗೆ ಬಂತು. ಅದೃಷ್ಟವಶಾತ್ 1971ರಲ್ಲಿ ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ಎರಡೂ ಅಂಕಿಗಳನ್ನು ಕೊಟ್ಟಿತ್ತು: ಮೂಲ ಎಂಜಿನ್‌ಗೆ ಗ್ರಾಸ್ 270, ನೆಟ್ 210. ಈ ಒಂದು ಜೋಡಿ ಅಂಕಿ ಇಡೀ ಲೆಕ್ಕವನ್ನು ಬಿಡಿಸಿಕೊಡುತ್ತದೆ.

ಸೀಸ ಕಡಿಮೆಯಿರುವ ಪೆಟ್ರೋಲಿಗೆ ಒಗ್ಗಿಸಲು 1971ರಲ್ಲಿ ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬುದನ್ನು) 10.25ರಿಂದ 8.5ಕ್ಕೆ ಇಳಿಸಿದ್ದರಿಂದ ಹೋದದ್ದು 30 ಅಶ್ವಶಕ್ತಿ. ಅಳತೆಯ ಕ್ರಮ ಬದಲಾದದ್ದರಿಂದ ಕಾಗದದ ಮೇಲಷ್ಟೇ ಹೋದದ್ದು 60. ಉಳಿದ 45 ಹೋದದ್ದು ಹೊಗೆ ನಿಯಂತ್ರಣದ ಬಿಗಿಯಾದ ಹೊಂದಾಣಿಕೆಗಳಿಂದ ಮತ್ತು 1975ರಲ್ಲಿ ಎರಡು ಹೊಗೆಕೊಳವೆಗಳ ಅನಿಲವನ್ನೂ ಒಂದೇ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಸಾಧನ) ಮೂಲಕ ಹಾಯಿಸಿದ್ದರಿಂದ. 1970ರ ಸ್ವಚ್ಛ ವಾಯು ಕಾಯ್ದೆಯ ನಂತರ ಇದು ತಪ್ಪಿಸಿಕೊಳ್ಳಲಾಗದ ದಾರಿಯಾಗಿತ್ತು. ನಗರಗಳ ಗಾಳಿಯನ್ನು ನೆನೆದರೆ, ತೆತ್ತ ಬೆಲೆ ಹೆಚ್ಚೆಂದು ನನಗನ್ನಿಸುವುದಿಲ್ಲ.

ಹೀಗೆ ನೋಡಿದಾಗ 1975ರಲ್ಲಿ ಹೆಚ್ಚುವರಿ ಹಣಕ್ಕೆ ಸಿಗುತ್ತಿದ್ದ, ಹೆಚ್ಚು ಶಕ್ತಿಯ ಎಲ್82 ಎಂಜಿನ್ ಬೇರೆಯೇ ಆಗಿ ಕಾಣುತ್ತದೆ. ಅದರ ನೆಟ್ ಶಕ್ತಿ 205, ಅಂದರೆ 1971ರ ಮೂಲ ಎಂಜಿನ್‌ಗಿಂತ 5 ಮಾತ್ರ ಕಡಿಮೆ. ಆದರೂ 1972ರವರೆಗಿನ ಕಾರುಗಳು ದುಬಾರಿ, ಏಕೆಂದರೆ ಕೊಳ್ಳುವವರು ಅಲ್ಲಿ ಹಿಂದೆ ಮುಂದೆ ಎರಡೂ ಕಡೆಯ ಕ್ರೋಮ್ ಬಂಪರ್‌ಗೆ, ಕಾರ್ಖಾನೆಯಲ್ಲಿ ಕೂರಿಸಿದ ಅದೇ ಎಂಜಿನ್ ಉಳಿದಿದೆಯೇ ಎಂಬುದಕ್ಕೆ ಹಣ ಕೊಡುತ್ತಾರೆ. ಓಡಿಸುವ ಆಸೆಯಷ್ಟೇ ಇರುವವರು ಆ ಹೆಚ್ಚುವರಿ ಹಣವನ್ನು ತೆರಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ: ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ, 1976ರ ಕಾರಿಗೆ ಇಲ್ಲ. ಆದರೆ ಕನ್ವರ್ಟರನ್ನು ಕಿತ್ತುಹಾಕುವುದಕ್ಕೆ ಅದು ಅನುಮತಿಯಲ್ಲ.

ಶಕ್ತಿಯೇ ಮುಖ್ಯವಾದರೆ ಮಾತ್ರ ನನ್ನ ಸಲಹೆ ಎಪ್ಪತ್ತರ ದಶಕವನ್ನು ಬಿಟ್ಟು ಮುಂದೆ ಬನ್ನಿ ಎಂಬುದೇ. ಅದೇ 5.7 ಲೀಟರಿನಲ್ಲಿ, ಕಾರ್ವೆಟ್‌ನ ನಂತರದ ಎಂಜಿನ್‌ಗಳಾದ 1992ರ ಎಲ್‌ಟಿ1 ಕೊಟ್ಟದ್ದು ನೆಟ್ 300, 1997ರ ಎಲ್‌ಎಸ್1 ಕೊಟ್ಟದ್ದು ನೆಟ್ 345. ಇವೆರಡರಲ್ಲಿ ನಾನು ಎಲ್‌ಎಸ್1 ಅನ್ನೇ ಆರಿಸುತ್ತೇನೆ. ಎಲ್‌ಟಿ1ರ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಭಾಗ) ವಾಟರ್ ಪಂಪ್‌ನ ಕೆಳಗಿರುವುದರಿಂದ ಪಂಪ್ ಸೋರಿದರೆ ಅದೂ ಕೆಡುತ್ತದೆ. ಎಲ್‌ಎಸ್1ರಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ, ಪ್ರತಿ ಸಿಲಿಂಡರಿಗೂ ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಪ್ರತ್ಯೇಕ ಕಾಯಿಲ್ ಇದೆ. ಎಲ್‌ಟಿ1 ಇರುವ ಕಾರನ್ನೇ ಮೆಚ್ಚಿದ್ದರೆ, ಬೆಲೆ ಮಾತನಾಡುವ ಮೊದಲು ಪಂಪ್‌ನ ಸುತ್ತ ತೇವವಿದೆಯೇ ಎಂದು ಟಾರ್ಚ್ ಹಿಡಿದು ನೋಡಿ.